ಥೀಸಿಸ್ ಬರೆಯದೆ ಡಾಕ್ಟರ್ ಆದ ಕಿಟೆಲ್

ಬೈಬಲ್ ಕಾಲೇಜಿನ ಲೈಬ್ರರಿಯಲ್ಲಿ ಕಿಟೆಲ್ ಬೇಕು ಎಂದು ಕೇಳಿದರೆ ಕನ್ನಡದ ಕಿಟೆಲ್ ಸಿಗುವುದಿಲ್ಲ. ಲೈಬ್ರರಿಯನ್ ತೋರಿಸುವುದು ಕಪಾಟಿನ ಒಂದು ಸಾಲನ್ನೇ ತುಂಬಿಕೊಂಡಿರುವ ಹತ್ತು ಸಂಪುಟಗಳನ್ನು. ಅದು ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ನಿಘಂಟು. ಅದನ್ನು ಆರಂಭಿಸಿದ ಸಂಪಾದಕ ಗೆರ್ಹಾರ್ಡ್ ಕಿಟೆಲ್, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪ್ರೊಫೆಸರ್, 1933ರಲ್ಲಿ ಹಿಟ್ಲರನ ಪಕ್ಷ ಸೇರಿದವನು. ನನಗೆ ಬೇಕಿದ್ದವರು ಫರ್ಡಿನಾಂಡ್ ಕಿಟೆಲ್. ಅವರೂ ನಿಘಂಟು ಮಾಡಿದವರೇ, ಕೊನೆಗಾಲವನ್ನು ಅದೇ ಟ್ಯೂಬಿಂಗೆನ್ ಊರಿನಲ್ಲಿ ಕಳೆದವರೇ. ಆದರೆ ಎಲ್ಲಿಯೂ ಪ್ರೊಫೆಸರ್ ಆಗಲಿಲ್ಲ. ಯಾವ ಪದವಿಗೂ ಥೀಸಿಸ್ ಬರೆಯಲಿಲ್ಲ.

ಥೀಸಿಸ್ ಬರೆಯುತ್ತಿರುವುದು ನಾನು. ಊರು ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿ. ಬಿ.ಡಿ. ಮುಗಿಸಿ ಎಂ.ಟಿಎಚ್.ಗೆ ಸೇರಿದ್ದೇನೆ. ಎಂ.ಎ. ಓದುವ ಗೆಳೆಯರಿಗೆ ಕಡೆಯ ಸೆಮಿಸ್ಟರಿನಲ್ಲಿ ಒಂದು ಸಣ್ಣ ಪ್ರಬಂಧ ಬರೆದುಕೊಟ್ಟರೆ ಆಗುತ್ತದೆ. ನಮಗೆ ಹಾಗಲ್ಲ. ಮೊದಲು ವಿಷಯ ಆರಿಸಿ ಪ್ರಸ್ತಾವನೆ ಕೊಡಬೇಕು, ಅದನ್ನು ಅಧ್ಯಾಪಕರೆಲ್ಲ ಕೂತು ಪ್ರಶ್ನಿಸುತ್ತಾರೆ, ಒಪ್ಪಿದರೆ ಅಧ್ಯಾಯ ಅಧ್ಯಾಯವಾಗಿ ಗೈಡ್ ಮುಂದೆ ಇಡಬೇಕು, ಕೊನೆಗೆ ಬೈಂಡ್ ಮಾಡಿಸಿ ವೈವಾಕ್ಕೆ ನಿಲ್ಲಬೇಕು. ನಾನು ಕಿಟೆಲ್ ನಿಘಂಟಿನಲ್ಲಿ ನಮ್ಮ ಸೀಮೆಯ ಪದಗಳು ಎಂಬ ವಿಷಯ ಕೊಟ್ಟಾಗ ಮೊದಲ ಸುತ್ತಿನಲ್ಲೇ ತಿರುಗಿ ಬಂತು. ಇದರಲ್ಲಿ ದೇವಶಾಸ್ತ್ರ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಊರಿಗೆ ಹೋದರೆ ಅಪ್ಪನದು ಬೇರೆ ಪ್ರಶ್ನೆ: ಇದರಲ್ಲಿ ನೌಕರಿ ಎಲ್ಲಿದೆ? ಎರಡಕ್ಕೂ ನನ್ನ ಬಳಿ ಥಟ್ಟನೆ ಕೊಡುವ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಕಿಟೆಲ್ ಬದುಕನ್ನು ಓದಿದೆ. ಇದೇ ಎರಡು ಪ್ರಶ್ನೆಗಳನ್ನು ಆ ಮನುಷ್ಯ ಸುಮಾರು 40 ವರ್ಷ ಎದುರಿಸಿದ್ದಾರೆ ಎಂದು ತಿಳಿದ ಮೇಲೆ ವಿಷಯ ಬಿಡಲು ಮನಸ್ಸಾಗಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಕಿಟೆಲ್ ಎಂದರೆ ಒಂದು ಅಂಕ. ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ, 1843, ಮೋಗ್ಲಿಂಗ್. ಮೊದಲ ಕನ್ನಡ–ಇಂಗ್ಲಿಷ್ ನಿಘಂಟು, ಕಿಟೆಲ್. ಎಷ್ಟೋ ಗೈಡ್ ಪುಸ್ತಕಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಮೊದಲನೆಯದು ಸರಿ. ಎರಡನೆಯದು ಸರಿಯಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನು ಮದರಾಸಿನಲ್ಲಿ ಅಚ್ಚು ಹಾಕಿಸಿದ್ದು 1832ರಲ್ಲಿ. ಕಿಟೆಲ್ ಹುಟ್ಟಿದ್ದೇ ಆ ವರ್ಷ. ರೀವ್ ನಿಘಂಟನ್ನು ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಹೊರತಂದರು. ಅಂದರೆ ಕಿಟೆಲ್ ಕೆಲಸ ಹಿಡಿಯುವ ಹೊತ್ತಿಗೆ ನಿಘಂಟು ಇತ್ತು, ಬಳಕೆಯಲ್ಲೂ ಇತ್ತು. ಇದ್ದದ್ದು ಸಾಲದು ಎಂದು ಅವರಿಗೆ ಅನಿಸಿದ್ದೇ ಮುಖ್ಯ. ಮೊದಲಿಗರು ಯಾರು ಎಂಬುದು ನನಗೆ ಅಷ್ಟು ದೊಡ್ಡ ಸಂಗತಿಯಾಗಿ ಕಾಣುವುದಿಲ್ಲ.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಗೆ ಹತ್ತಿರ, ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯಿದೆ. ಅಲ್ಲಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ 1832ರ ಏಪ್ರಿಲ್‌ನಲ್ಲಿ ಕಿಟೆಲ್ ಹುಟ್ಟಿದರು. ಅಪ್ಪ ಅಲ್ಲಿನ ಪಾದ್ರಿ. ಹುಡುಗ ಔರಿಚ್ ಪಟ್ಟಣದ ಜಿಮ್ನೇಸಿಯಂಗೆ ಹೋದ. ಹೆಸರು ಕೇಳಿ ಕಸರತ್ತಿನ ಮನೆ ಅಂದುಕೊಳ್ಳಬೇಡಿ, ಅದು ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳಿಗಾಗಿ ಇರುವ ಹೈಸ್ಕೂಲು. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತದ್ದು ಹರೆಯದಲ್ಲೇ. ಮುಂದಿನ ದಾರಿ ವಿಶ್ವವಿದ್ಯಾಲಯಕ್ಕೆ ಇತ್ತು. ಅವರು ಅದನ್ನು ಬಿಟ್ಟು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ ಶಾಲೆ ಸೇರಿದರು.

ಈ ಬಾಸೆಲ್ ಶಾಲೆಯ ಬಗ್ಗೆ ನಾಲ್ಕು ಮಾತು ಹೇಳಬೇಕು, ನಾನು ಓದುವಂಥ ಕಾಲೇಜುಗಳ ಅಜ್ಜನ ಮನೆ ಅದು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ಬೈಬಲ್, ಭಾಷೆ, ಬೋಧನೆ ಎಲ್ಲ ಕಲಿಸುತ್ತಿದ್ದರು, ಆದರೆ ವಿಶ್ವವಿದ್ಯಾಲಯದ ಡಿಗ್ರಿ ಸಿಗುತ್ತಿರಲಿಲ್ಲ. ಶಿಸ್ತು ಬಹಳ ಬಿಗಿ. ಎಲ್ಲಿಗೆ ಹೋಗಬೇಕು, ಏನು ಕೆಲಸ ಮಾಡಬೇಕು, ಕೊನೆಗೆ ಯಾವಾಗ ಮದುವೆಯಾಗಬೇಕು ಎಂಬುದಕ್ಕೂ ಬಾಸೆಲ್‌ನ ಸಮಿತಿಯ ಅಪ್ಪಣೆ ಬೇಕು. ಜಿಮ್ನೇಸಿಯಂ ಓದಿ, ಐದು ಭಾಷೆ ಕಲಿತು, ಸ್ವಂತ ಯೋಚನೆ ಇಟ್ಟುಕೊಂಡ ಯುವಕ ಇಂಥ ಜಾಗದಲ್ಲಿ ಹೇಗೆ ಹೊಂದಿಕೊಂಡಾನು? ಹೊಂದಿಕೊಳ್ಳಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಅವರನ್ನು ಹಡಗು ಹತ್ತಿಸಿಯಾಗಿತ್ತು. 1853ರಲ್ಲಿ, 21ನೇ ವಯಸ್ಸಿಗೆ, ಸೂಯೆಜ್ ಕಾಲುವೆ ಇನ್ನೂ ಇಲ್ಲದ ಕಾಲದಲ್ಲಿ ಕಿಟೆಲ್ ಹಿಂದುಸ್ತಾನಕ್ಕೆ ಬಂದರು.

ಧಾರವಾಡ ಸೀಮೆಗೆ ಬಾಸೆಲ್ ಮಿಷನ್ ಆಗಲೇ ಬಂದಿತ್ತು. ಧಾರವಾಡ, ಹುಬ್ಬಳ್ಳಿ ಆದ ಮೇಲೆ 1841ರ ಹೊತ್ತಿಗೆ ಬೆಟಗೇರಿಯಲ್ಲೂ ಕೇಂದ್ರ ತೆರೆದಿದ್ದರು. ನಮ್ಮ ಕಡೆಯವರು ಗದಗ–ಬೆಟಗೇರಿಯ ಹಳೆಯ ಆಸ್ಪತ್ರೆಗೆ ಇವತ್ತಿಗೂ ಜರ್ಮನ್ ದವಾಖಾನಿ ಅನ್ನುವುದು ಆ ನೆನಪಿನಿಂದಲೇ. ಕಿಟೆಲ್ ಮೊದಲ ವರ್ಷಗಳನ್ನು ಈ ಕಡೆ ಕಳೆದರು. ಕನ್ನಡ ಕಲಿತದ್ದು ಇಲ್ಲಿಯ ಜನರ ಬಾಯಿಂದ. ಮಂಗಳೂರಿನ ಕನ್ನಡ, ಮೈಸೂರಿನ ಕನ್ನಡ ಆಮೇಲೆ.

ತಂಟೆ ಶುರುವಾದದ್ದೂ ಆಗಲೇ. ಮಿಷನರಿಗಳು ಊರ ಹೊರಗೆ ಬಂಗಲೆ ಕಟ್ಟಿಕೊಂಡು, ಯುರೋಪಿನ ಪದ್ಧತಿಯಲ್ಲಿ ಬದುಕುತ್ತ, ಹೊತ್ತಿಗೆ ಸರಿಯಾಗಿ ಪೇಟೆಗೆ ಹೋಗಿ ಬೋಧಿಸಿ ಬರುವುದು ಕಿಟೆಲ್‌ಗೆ ಸರಿಬರಲಿಲ್ಲ. ಜನರ ನಡುವೆ ಜನರಂತೆಯೇ ಇರಬೇಕು, ಅವರ ಪುಸ್ತಕಗಳನ್ನು ಅವರಷ್ಟೇ ಶ್ರದ್ಧೆಯಿಂದ ಓದಬೇಕು ಎಂಬುದು ಅವರ ವಾದ. ಇದನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ, ಬಾಸೆಲ್‌ಗೆ ಪತ್ರ ಬರೆದರು. ಅಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಯೋಸೆನ್‌ಹಾನ್ಸ್ ಬಿಗಿ ಆಡಳಿತಗಾರ. ಇವರ ವಾದ ಆತನಿಗೆ ಅವಿಧೇಯತೆಯಾಗಿ ಕಂಡಿತು. ಹಿರಿಯ ಮಿಷನರಿಗಳಿಗೂ ಈ ಯುವಕ ಒಂಟಿ, ವಿಚಿತ್ರ, ವ್ಯವಹಾರ ಬಾರದವ ಅನಿಸಿತು. ಬಾಸೆಲ್‌ಗೆ ಹೋಗುವ ವರದಿಗಳಲ್ಲಿ ಎಷ್ಟು ಶಾಲೆ, ಎಷ್ಟು ದೀಕ್ಷಾಸ್ನಾನ, ಎಷ್ಟು ಸಭೆ ಎಂಬ ಲೆಕ್ಕ ಇರುತ್ತಿತ್ತು. ಓಲೆಗರಿ ಓದಿದ ಲೆಕ್ಕಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಹೀಗೆ ಮಿಷನ್ನಿನ ಕಣ್ಣಲ್ಲಿ ಕಿಟೆಲ್ ಸೋತ ಮಿಷನರಿಯಾದರು. ಊರೂರು ತಿರುಗಿ ಬೋಧಿಸುವ ಕೆಲಸದಿಂದ ಅವರು ಸರಿದು, ಮಂಗಳೂರಿನ ಮುದ್ರಣಾಲಯ, ಪುಸ್ತಕ, ಪಾಠ ಇವುಗಳ ಕಡೆಗೆ ಬಂದರು.

ಕಿಟೆಲ್‌ರನ್ನು ಸಂತ ಮಾಡುವುದು ನನಗೆ ಇಷ್ಟವಿಲ್ಲ. ನಮ್ಮಲ್ಲಿ ಕನ್ನಡಕ್ಕೆ ದುಡಿದ ಪರದೇಶಿ ಎಂದ ಕೂಡಲೇ ಹಾರ ಹಾಕಿಬಿಡುತ್ತೇವೆ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಇಲ್ಲಿಯ ಯಜ್ಞದ ಬಗ್ಗೆ, ಲಿಂಗಪೂಜೆಯ ಮೂಲದ ಬಗ್ಗೆ ಪುಸ್ತಕ ಬರೆದದ್ದೂ ಆ ಉದ್ದೇಶದ ನೆರಳಿನಲ್ಲೇ. ಇಂದು ಓದಿದರೆ ಒಪ್ಪಲಾಗದ ಸಂಗತಿಗಳು ಅಲ್ಲಿವೆ. ಜೊತೆಗೆ ಅವರೊಂದಿಗೆ ಕೆಲಸ ಮಾಡುವುದು ಸುಲಭವಾಗಿತ್ತು ಎಂದು ಯಾರೂ ಬರೆದಂತಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಬೇರೆಯವರು ಬೋಧಿಸಲಿಕ್ಕೆ ಬೇಕಾದಷ್ಟು ಕನ್ನಡ ಕಲಿತರು. ಇವರು ಕಲಿಯುತ್ತ ಹೋದಂತೆ ಕನ್ನಡವೇ ಕೆಲಸವಾಯಿತು.

1862ರಲ್ಲಿ ಕಥಾಮಾಲೆ ಬಂತು. ಯೇಸುವಿನ ಕಥೆಯನ್ನು ಅವರು ಗದ್ಯದಲ್ಲಿ ಹೇಳಲಿಲ್ಲ, ಜರ್ಮನ್ ರಾಗಗಳಿಗೂ ಹೊಂದಿಸಲಿಲ್ಲ. ಇಲ್ಲಿಯ ಛಂದಸ್ಸಿನಲ್ಲಿ, ಇಲ್ಲಿಯವರು ಪುರಾಣ ಹಾಡಿದಂತೆ ಹಾಡಲು ಬರುವ ಹಾಗೆ ಕಟ್ಟಿದರು. ಸಂಜೆ ಗುಡಿಯ ಕಟ್ಟೆಯ ಮೇಲೆ ಪುರಾಣ ಕೇಳಿ ಬೆಳೆದ ನಮ್ಮಂಥ ಊರಿನವರಿಗೆ ಈ ಯೋಚನೆಯ ಬೆಲೆ ಬೇಗ ಅರ್ಥವಾಗುತ್ತದೆ. ಈ ನಡುವೆ 1860ರಲ್ಲಿ ಪೌಲಿನ್ ಐತ್ ಅವರೊಂದಿಗೆ ಮದುವೆಯಾಗಿತ್ತು. ಆಕೆ ನಾಲ್ಕೇ ವರ್ಷಕ್ಕೆ, 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಕಿಟೆಲ್ ಮದುವೆಯಾದರು. ಕರಾವಳಿಯ ಮಳೆ, ಜ್ವರ, ತವರಿನಿಂದ ತಿಂಗಳುಗಟ್ಟಲೆ ದೂರ. ನಿಘಂಟಿನ ಬೆಲೆ ಕಟ್ಟುವಾಗ ಈ ಇಬ್ಬರು ಹೆಣ್ಣುಮಕ್ಕಳ ಬದುಕನ್ನೂ ಎಣಿಸಬೇಕು ಅನ್ನುವುದು ನನ್ನ ಲೆಕ್ಕ.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 13ನೇ ಶತಮಾನದ ಹಳಗನ್ನಡ ವ್ಯಾಕರಣ ಅದು. ಮೂರು ವರ್ಷದ ನಂತರ ನಾಗವರ್ಮನ ಛಂದಸ್ಸು, ಅದರ ಮುಂದೆ ಕನ್ನಡ ಸಾಹಿತ್ಯದ ಮೇಲೆ ಒಂದು ಉದ್ದ ಲೇಖನ. ಇವೆಲ್ಲ ನಿಘಂಟಿಗೆ ಮಾಡಿಕೊಂಡ ಹದ. ಹೊಲಕ್ಕೆ ಕುಂಟಿ ಹೊಡೆದ ಹಾಗೆ. ಹಳೆಯ ಪದ ಎಲ್ಲೆಲ್ಲಿ ಬಂದಿದೆ ಎಂದು ತೋರಿಸದೆ ಅದರ ಅರ್ಥ ಬರೆಯುವುದು ಅವರಿಗೆ ಒಗ್ಗುತ್ತಿರಲಿಲ್ಲ.

ನಿಘಂಟಿನ ಕೆಲಸ 1872ರ ಸುಮಾರಿಗೆ ಮಿಷನ್ನಿನ ಒಪ್ಪಿಗೆಯಿಂದಲೇ ಆರಂಭವಾಯಿತು. ಅಲ್ಲಿಂದ ಅಚ್ಚಾಗುವವರೆಗೆ 22 ವರ್ಷ. ನನ್ನ ಗೈಡ್ ಎರಡು ವಾರಕ್ಕೊಮ್ಮೆ ಅಧ್ಯಾಯ ಎಲ್ಲಿ ಎಂದು ಕೇಳುವಾಗ ಈ ಲೆಕ್ಕ ಹೇಳಬೇಕು ಅನಿಸುತ್ತದೆ, ಹೇಳುವುದಿಲ್ಲ. ಕೆಲಸದ ರೀತಿ ಹೀಗೆ. ಒಂದು ಪದ ತೆಗೆದುಕೊಂಡರೆ ಅದು ಅಚ್ಚ ಕನ್ನಡವೋ, ಸಂಸ್ಕೃತದಿಂದ ಬಂದದ್ದೋ, ತದ್ಭವವೋ ನೋಡಬೇಕು. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು ಎಂದು ಹುಡುಕಬೇಕು. ಹಳೆಯ ಕಾವ್ಯದಲ್ಲಿ, ವ್ಯಾಕರಣದಲ್ಲಿ ಎಲ್ಲಿ ಬಂದಿದೆ ಗುರುತಿಸಬೇಕು. ಗಾದೆಯಲ್ಲಿ ಇದ್ದರೆ ಗಾದೆಯನ್ನೂ ಕೊಡಬೇಕು. ಕೊನೆಗೆ ಯಾವ ಸೀಮೆಯ ಜನ ಹಾಗೆ ಆಡುತ್ತಾರೆ ಎಂದೂ ಸೂಚಿಸಬೇಕು. ಮೈಸೂರು ಕಡೆಯ ಮಾತಿಗೆ ಒಂದು ಗುರುತು. ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಮಾತಿಗೆ ಇನ್ನೊಂದು ಗುರುತು.

ನನ್ನ ಥೀಸಿಸ್ ಹುಟ್ಟಿದ್ದು ಈ ಎರಡನೆಯ ಗುರುತಿನಿಂದ. ಪುಟ ತಿರುವಿದಂತೆಲ್ಲ ಅದು ಕಣ್ಣಿಗೆ ಬೀಳುತ್ತದೆ. ನಾವು ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದಾಗ ಮೊದಲು ಮಾಡುವ ಕೆಲಸ ನಾಲಿಗೆ ತಿದ್ದಿಕೊಳ್ಳುವುದು. ಇಂಟರ್‌ವ್ಯೂನಲ್ಲಿ ಊರಿನ ಮಾತು ಬಾಯಿಗೆ ಬಂದರೆ ಎದುರಿಗೆ ಕೂತವರು ನಕ್ಕಾರು ಎಂಬ ಭಯ. ಆ ಮಾತನ್ನು ಒಬ್ಬರು 19ನೇ ಶತಮಾನದಲ್ಲಿ ಕೇಳಿ, ತಪ್ಪು ಎನ್ನದೆ, ಗ್ರಾಮ್ಯ ಎಂದು ತಳ್ಳದೆ, ಕೇಶಿರಾಜನ ಪದದ ಪಕ್ಕದಲ್ಲೇ ಕೂರಿಸಿದ್ದಾರೆ. ನಮ್ಮ ಅಜ್ಜಿಗೆ ಓದು ಬರುವುದಿಲ್ಲ. ಕೂರಿಗೆ, ಕುಂಟೆ, ಹಗೇವು ಎಂದು ಆಕೆ ದಿನಾ ಆಡುವ ಮಾತುಗಳನ್ನು ನಿಘಂಟಿನಿಂದ ಓದಿ ಹೇಳಿದಾಗ ಆಕೆಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಿಳಿಯಲಿಕ್ಕೆ ಅಷ್ಟು ದೂರದಿಂದ ಬರಬೇಕಿತ್ತೇ, ಯಾವ ಮನೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು ಎಂದಳು. ಅವರೂ ಮನೆಮನೆಯಲ್ಲಿ ಕೇಳಿಯೇ ಬರೆದದ್ದು ಎಂದೆ. ಹಾಗಾದರೆ ಸರಿ ಎಂದು ಜೋಳ ಹಸನು ಮಾಡಲು ಕೂತಳು.

ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿ ಇಡುವ ಹಳ್ಳ. ಎರೆ ಸೀಮೆಯಲ್ಲಿ ಜೋಳ ಕಾಯ್ದುಕೊಳ್ಳುವ ಹಳೆಯ ವ್ಯವಸ್ಥೆ. ನಮ್ಮ ಮನೆಯದನ್ನು ನಾನು ಹುಟ್ಟುವ ಮೊದಲೇ ಮುಚ್ಚಿದ್ದರು. ಅದರ ಮೇಲೆ ಈಗ ಬೈಕ್ ನಿಲ್ಲಿಸುತ್ತೇವೆ. ವಸ್ತು ಹೋದ ಮೇಲೂ ಪದ ಉಳಿದಿದೆ. ದೇವಶಾಸ್ತ್ರ ಎಲ್ಲಿದೆ ಎಂಬ ಪ್ರಶ್ನೆಗೆ ನಾನು ಎರಡನೇ ಸುತ್ತಿನಲ್ಲಿ ಕೊಟ್ಟ ಉತ್ತರ ಇದರ ಸುತ್ತವೇ ಇತ್ತು. ದೇವರ ಮಾತನ್ನು ಜನರಿಗೆ ಹೇಳಲು ಹೊರಟವನು ಮೊದಲು ಜನರ ಮಾತನ್ನು ಕೇಳಬೇಕಾಯಿತು, ಕೇಳುತ್ತ ಕೇಳುತ್ತ ಬದುಕೇ ಕಳೆಯಿತು, ಇದು ದೇವಶಾಸ್ತ್ರ ಅಲ್ಲವಾದರೆ ಮತ್ತೇನು ಎಂದು ಬರೆದಿದ್ದೆ. ಅರ್ಧ ಮನಸ್ಸಿನಿಂದ ಒಪ್ಪಿದರು. ಬೈಬಲ್ ಅನುವಾದಕ್ಕೆ ಒಂದು ಅಧ್ಯಾಯ ಇರಲೇಬೇಕು ಎಂಬ ಷರತ್ತಿನ ಮೇಲೆ.

ಕಿಟೆಲ್ ಒಬ್ಬರೇ ಕೂತು ಮಾಡಿದ ಕೆಲಸವಲ್ಲ ಇದು. ಓಲೆಗರಿ ಓದಿ ಹೇಳಿದವರು, ಗಾದೆ ಕೂಡಿಸಿದವರು, ಅನುಮಾನ ಬಂದ ಪದಕ್ಕೆ ಅರ್ಥ ಬಿಡಿಸಿದ ಕನ್ನಡ ಪಂಡಿತರು ಹಲವರಿದ್ದರು. ಮುನ್ನುಡಿಯಲ್ಲಿ ಕಿಟೆಲ್ ಅವರಿಗೆ ಋಣ ಸಲ್ಲಿಸಿದ್ದಾರೆ. ಆದರೆ ಹೊರಗಿನ ರಟ್ಟಿನ ಮೇಲೆ ಇರುವುದು ಒಂದೇ ಹೆಸರು. ಪರೀಕ್ಷೆಯ ಪ್ರಶ್ನೆಯಲ್ಲೂ ಒಂದೇ ಹೆಸರು. ಅಂಥವರ ಬಗ್ಗೆ ಯಾರಾದರೂ ಗೆಳೆಯರು ಎಂ.ಎ. ಕನ್ನಡಕ್ಕೋ ಪಿಎಚ್.ಡಿ.ಗೋ ಕೆಲಸ ಮಾಡಿದರೆ ಚೆನ್ನ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕಗಳಿವೆ. ಪತ್ರಗಳು ಬಾಸೆಲ್‌ನಲ್ಲಿವೆ. ಅವು ಹಳೆಯ ಜರ್ಮನ್ ಕೈಬರಹದಲ್ಲಿ ಇರುವುದರಿಂದ ಇಂದಿನ ಜರ್ಮನ್ನರೂ ತರಬೇತಿ ಇಲ್ಲದೆ ಓದಲಾರರು. ಮೋಡಿ ಲಿಪಿಯ ಕಾಗದ ಹಿಡಿದು ಕೂತ ನಮ್ಮ ಗತಿಯೇ ಅವರದೂ.

1877ರಲ್ಲಿ ಆರೋಗ್ಯ ಕೆಟ್ಟು ಕಿಟೆಲ್ ಜರ್ಮನಿಗೆ ಮರಳಿದರು. ಅಲ್ಲಿಯೂ ಬರೆಯುವುದು ನಿಲ್ಲಲಿಲ್ಲ. ಆದರೆ ಕನ್ನಡ ಆಡುವವರೇ ಇಲ್ಲದ ಊರಿನಲ್ಲಿ ಕನ್ನಡ ನಿಘಂಟು ಎಷ್ಟು ಮುಂದೆ ಹೋದೀತು? ಅನುಮಾನ ಬಂದ ಒಂದು ಪದ ಕೇಳಲಿಕ್ಕೂ ಜನ ಬೇಕಲ್ಲ. 1883ರಲ್ಲಿ, 51ನೇ ವಯಸ್ಸಿಗೆ ಮತ್ತೆ ಬಂದರು. ನಮ್ಮಲ್ಲಿ ಆ ವಯಸ್ಸಿಗೆ ನಿವೃತ್ತಿಯ ಲೆಕ್ಕ ಹಾಕುತ್ತಾರೆ. ಇನ್ನೂ 9 ವರ್ಷ ದುಡಿದು, 1892ರಲ್ಲಿ ಕೊನೆಯ ಸಲ ಹಡಗು ಹತ್ತಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಅದರ ಮುನ್ನುಡಿಯಲ್ಲೇ ಇನ್ನೊಂದು ಪುಸ್ತಕಕ್ಕೆ ಸಾಕಾಗುವಷ್ಟು ಸಾಮಗ್ರಿಯಿದೆ. ಸಂಸ್ಕೃತದ್ದು ಎಂದು ನಾವು ನಂಬಿರುವ ಎಷ್ಟೋ ಪದಗಳು ದ್ರಾವಿಡ ಭಾಷೆಗಳಿಂದ ಅಲ್ಲಿಗೆ ಹೋಗಿರಬಹುದು ಎಂದು ಪಟ್ಟಿ ಮಾಡಿ ತೋರಿಸಿದ್ದಾರೆ. ಎಲ್ಲವನ್ನೂ ಮುಂದಿನವರು ಒಪ್ಪಲಿಲ್ಲ. ಆದರೆ ಎಲ್ಲ ದಾರಿಯೂ ಸಂಸ್ಕೃತದಿಂದ ಕನ್ನಡಕ್ಕೇ ಬರುತ್ತದೆ ಎಂದುಕೊಂಡಿದ್ದ ಕಾಲದಲ್ಲಿ, ಹೋಗುವ ದಾರಿಯೂ ಇದೆ ಎಂದು ಹೇಳಲು ಧೈರ್ಯ ಬೇಕಿತ್ತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕಾಗಿ ಅದೇ ವಿಶ್ವವಿದ್ಯಾಲಯ 1858ರಲ್ಲಿ ಮೋಗ್ಲಿಂಗ್ ಅವರಿಗೂ ಕೊಟ್ಟಿತ್ತು. ಮೋಗ್ಲಿಂಗ್ ಅಲ್ಲಿಯೇ ಓದಿದವರು. ಕಿಟೆಲ್ ವಿಶ್ವವಿದ್ಯಾಲಯದ ಬೆಂಚಿನ ಮೇಲೆ ಕೂತವರಲ್ಲ. 64 ವರ್ಷದ ಮುದುಕನಿಗೆ ಆ ಡಿಗ್ರಿಯಿಂದ ನೌಕರಿ ಸಿಗಬೇಕಿರಲಿಲ್ಲ, ಬಡ್ತಿಯೂ ಇರಲಿಲ್ಲ. ಅದನ್ನು ಕೊಟ್ಟದ್ದು ಮಿಷನ್ ಅಲ್ಲ ಎಂಬುದನ್ನು ಮಾತ್ರ ನಾನು ಥೀಸಿಸ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಆಮೇಲೂ ಅವರು ಕೈಕಟ್ಟಿ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಅಲ್ಲಿ ಓದಿದ ನಮ್ಮ ಕಡೆಯ ಎಷ್ಟೋ ಮಂದಿಗೆ ಕಿಟೆಲ್ ಎಂದರೆ ಬಸ್ ಸ್ಟಾಪಿನ ಹೆಸರಿದ್ದಂತೆ. ಬೆಂಗಳೂರಿನ ಮೇಯೋ ಹಾಲ್ ಬಳಿ ಪ್ರತಿಮೆ ಇದೆ. ನಿಘಂಟು ಮಾತ್ರ ಪ್ರತಿಮೆಯಾಗಲಿಲ್ಲ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ, ಹೊಸ ಪದ ಸೇರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದರು. ಆ ಬಳಿಕ ಬಂದ ದೊಡ್ಡ ನಿಘಂಟುಗಳನ್ನು ಮಾಡಿದವರೂ ಕಿಟೆಲ್ ಪುಟ ತೆರೆಯದೆ ಮುಂದೆ ಹೋಗಲಿಲ್ಲ.

ನಾನೀಗ ಮೂರನೇ ಅಧ್ಯಾಯದಲ್ಲಿದ್ದೇನೆ. ಅದರಲ್ಲಿ ಒಕ್ಕಲುತನದ ಪದಗಳು. ಬಿತ್ತುವ ಕೂರಿಗೆಯಿಂದ ರಾಶಿಯ ಕಣದವರೆಗೆ ನಿಘಂಟಿನಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಿ, ಊರಲ್ಲಿ ಈಗ ಯಾವುದು ಉಳಿದಿದೆ ಎಂದು ಕೇಳಿ ಬರೆಯಬೇಕು. ಸೆಮಿಸ್ಟರ್ ರಜೆಯಲ್ಲಿ ಅಜ್ಜಿಯ ಜೊತೆ ಹೊಲಕ್ಕೆ ಹೋದಾಗ ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಗಾಳಿವಿದ್ಯುತ್ತಿನ ಕಂಬಗಳು ತಿರುಗುತ್ತಿದ್ದವು. ಅವಕ್ಕೆ ಏನನ್ನುತ್ತೀ ಎಂದು ಕೇಳಿದೆ. ಫ್ಯಾನು ಎಂದಳು. ನಿಂತಿರುವುದಕ್ಕೆ ಒಂದು ಮಾತು, ಜೋರಾಗಿ ತಿರುಗುವುದಕ್ಕೆ ಇನ್ನೊಂದು ಮಾತು ಆಕೆಯ ಬಳಿ ಇದ್ದವು. ಎರಡನ್ನೂ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಥೀಸಿಸ್‌ಗೆ ಅವು ಬೇಕಿಲ್ಲ.